ಅರಳಿಕಟ್ಟೆಯ ಪಂಚಾಯಿತಿ

ಚುಂಚನಕಟ್ಟೆಯ ಕೋದಂಡರಾಮ ದೇವಾಲಯದಲ್ಲಿ ಸೀತೆಯು ರಾಮನ ಬಲಕ್ಕೆ ನಿಂತಿರುವುದನ್ನು ಕಂಡವರು, ಉಳಿದೆಡೆಗಳಲ್ಲಿ ಎಡಕ್ಕಿರುವ ತಾಯಿ ಇಲ್ಲಿಗೆ ಬಂದು ಬಲಕ್ಕೇಕೆ ಸರಿದಳೆಂದು ಕೇಳದೆ ಇರಲಾರರು; ಕೇಳಿದರೆ, ವನವಾಸದ ಕಾಲದಲ್ಲಿ ಆ ದಂಪತಿಗಳು ಇಲ್ಲಿ ತಂಗಿದ್ದ ಕಥೆಯನ್ನೂ ಚುಂಚ ಚುಂಚಿಯರೆಂಬ ಕಾಡಿನ ಗಂಡಹೆಂಡಿರ ಕಥೆಯನ್ನೂ ಹೇಳಲು ಕೆ.ಆರ್. ನಗರದ ಸೀಮೆಯಲ್ಲಿ ಬಾಯಿಗಳಿಗೆ ಬರವಿಲ್ಲ.

ಅದೇ ಕಥೆಯನ್ನು ಊರಭಿಮಾನಿಯೊಬ್ಬನು ವಿಕಿಪೀಡಿಯದಲ್ಲಿ ‘ರಾಮನು ಇಲ್ಲಿ ತಂಗಿದ್ದನು’ ಎಂದು ಬರೆದನೆನ್ನಿ. ಮುಖಪರಿಚಯವಿಲ್ಲದ ಇನ್ನೊಬ್ಬನು ‘ಆಧಾರವಿಲ್ಲ’ವೆಂದು ಅಳಿಸಬಹುದು, ಇವನು ರೇಗಿ ಮತ್ತೆ ಬರೆಯಬಹುದು, ಅವನು ಮತ್ತೆ ಅಳಿಸಬಹುದು; ಈ ಸಮರದ ಪ್ರತಿಯೊಂದು ಏಟೂ ತಾರೀಖು, ವೇಳೆಗಳ ಸಮೇತ ಆ ಪುಟದ ‘ಇತಿಹಾಸ’ದಲ್ಲಿ ಉಳಿದುಬಿಡುತ್ತದೆ. ವ್ಯಾಜ್ಯ ತೀರುವುದಾದರೋ ಬಹಳ ಅಲ್ಪವಾದುದರಿಂದ: ‘ತಂಗಿದ್ದನೆಂದು ಸ್ಥಳಪುರಾಣವು ಹೇಳುತ್ತದೆ’ ಎಂದು ತಿದ್ದಿ, ಆ ಪುರಾಣ ಅಚ್ಚಾಗಿರುವ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಕೆಳಗೆ ಕೊಟ್ಟರೆ ಭಕ್ತನಿಗೂ ಸಂಶಯಿಗೂ ತಕರಾರಿಗೆ ಎಡೆಯಿಲ್ಲ. ನಿಷ್ಪಕ್ಷಪಾತವೆಂಬ ಭಾರವಾದ ಶಬ್ದವು ಕನ್ನಡದಲ್ಲಿ ಅನೇಕ ವೇಳೆ ‘ಎಂದು’ ಎಂಬ ಎರಡಕ್ಷರದ ಮೇಲೆ ನಿಂತಿರುತ್ತದೆ.

2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ಈ ಕೋಶಕ್ಕೂ, ಮೈಸೂರು ವಿಶ್ವವಿದ್ಯಾನಿಲಯವು 14 ಸಂಪುಟಗಳಲ್ಲಿ ಹೊರತಂದ ಕನ್ನಡ ವಿಶ್ವಕೋಶಕ್ಕೂ ಇರುವ ಭೇದ ಇದೇ: ಅಲ್ಲಿ ಪ್ರಾಮಾಣ್ಯವು ಬರೆದ ವಿದ್ವಾಂಸನದು, ಇಲ್ಲಿ ಬರೆಯುವವನು ಯಾರಾದರೂ ಆಗಬಹುದಾದ್ದರಿಂದ ಪ್ರಾಮಾಣ್ಯವೆಲ್ಲ ಆಧಾರಗ್ರಂಥದ್ದು, ಸ್ವಂತ ಸಂಶೋಧನೆಗೆ ಪ್ರವೇಶವಿಲ್ಲ. ಮನಸ್ತಾಪಗಳನ್ನು ‘ಚರ್ಚೆ’ಯ ಪುಟದಲ್ಲಿ ತೀರಿಸಿಕೊಳ್ಳತಕ್ಕದ್ದು; ಎಲ್ಲರಿಗೂ ಸಂಬಂಧಿಸಿದ ಮಾತಿಗೆ ಕನ್ನಡದವರು ಒಂದು ಅರಳಿಕಟ್ಟೆಯನ್ನೇ ಕಟ್ಟಿಕೊಂಡಿದ್ದಾರೆ. ಆ ಪುಟದ ಹೆಸರೇ ಅದು.

ಕೆಲವು ಸಂಗತಿಗಳಿಗೆ ಜಗಳವೇ ಬೇಡ. ಕೆ.ಆರ್. ನಗರ ಮೊದಲು ಎಡತೊರೆಯಾಗಿತ್ತೆಂಬುದಕ್ಕೆ ಶಾಸನತಜ್ಞ ರೈಸರು 1898ರಲ್ಲಿ ಪ್ರಕಟಿಸಿದ ಶಾಸನಸಂಪುಟವೇ ಸಾಕ್ಷಿ. ಪಿರಿಯಾಪಟ್ಟಣದ ‘ಪಿರಿಯ’ವು ನಮ್ಮ ‘ಹಿರಿಯ’ದ ಹಳೆಯ ರೂಪವೆಂಬುದಕ್ಕೆ ಯಾವ ನಿಘಂಟಾದರೂ ಸಾಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ವಿಷಯದಲ್ಲಿ ‘ದೀನೋದ್ಧಾರಕ’ನೆಂಬ ವಿಶೇಷಣವನ್ನು ಕೋಶವು ತನ್ನ ಬಾಯಿಂದ ಆಡುವಂತಿಲ್ಲ, ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಂದು, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತೆಂದಷ್ಟೇ ಹೇಳಬಹುದು. ಅಷ್ಟೇ ಸಾಲದೇ, ಬಲ್ಲವರಿಗೆ?

ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರೆ ಮಾತ್ರ ಈ ನಿಯಮ ಎಡವುತ್ತದೆ. ನಾಗರಹೊಳೆಯಿಂದ ಜೇನುಕುರುಬರು ಹೊರಬಂದುದನ್ನು ಸರ್ಕಾರದ ಕಾಗದಪತ್ರಗಳು ‘ಪುನರ್ವಸತಿ’ ಎನ್ನುತ್ತವೆ; ಹಾಡಿಯವರು ‘ಒಕ್ಕಲೆಬ್ಬಿಸಿದರು’ ಎನ್ನುತ್ತಾರೆ. ಮೊದಲನೆಯದಕ್ಕೆ ಅಚ್ಚಿನ ಆಧಾರ ಹೇರಳ, ಎರಡನೆಯದಕ್ಕೆ ವಿರಳ. ತಕ್ಕಡಿಯಲ್ಲಿ ದೋಷವಿಲ್ಲ, ತೂಕದ ಕಲ್ಲುಗಳೆಲ್ಲ ಒಂದೇ ಮನೆಯಲ್ಲಿವೆ. ಬಾಯಿಮಾತಿನ ಧ್ವನಿಮುದ್ರಣವನ್ನೇ ಆಧಾರವಾಗಿ ಕೊಡುವ ಪ್ರಯೋಗವೊಂದು 2011ರಲ್ಲಿ ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆದಿ ಭಾಷೆಗಳಲ್ಲಿ ನಡೆಯಿತಾದರೂ ಅದು ಸಾರ್ವತ್ರಿಕ ನಿಯಮವಾಗಲಿಲ್ಲ.

ಆದ್ದರಿಂದ ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ಸೀಮೆಗಳ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಅಟ್ಟದ ಮೇಲಿನ ಜೀರ್ಣೋದ್ಧಾರದ ಸ್ಮರಣಸಂಚಿಕೆಯನ್ನೋ ಹಳೆಯ ಗೆಜೆಟಿಯರನ್ನೋ ರದ್ದಿಯವನಿಗೆ ಕೊಡುವ ಮುನ್ನ ಅದರ ಇಸವಿ, ಮುದ್ರಣಾಲಯ, ಪುಟಸಂಖ್ಯೆಗಳನ್ನು ಗುರುತುಮಾಡಿಕೊಳ್ಳಿ, ಹಾಡಿಯ ಹಿರಿಯರು ಹೇಳುವುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಯಾವುದಾದರೂ ಪತ್ರಿಕೆಯಲ್ಲಿ ಅಚ್ಚು ಮಾಡಿಸಿ.