ವಾಡಿಯ ಡಬ್ಬಿ, ಶಹಾಬಾದಿನ ಪರ್ಸಿ

ವಾಡಿ ಜಂಕ್ಷನ್ ಹತ್ತಿರ ಗೂಡ್ಸ್ ಗಾಡಿ ಹಾಯುವಾಗ ಡಬ್ಬಿ ಎಣಿಸದ ಮಕ್ಕಳುಂಟೇ? ತುಂಬಿದ ಒಂದು ಡಬ್ಬಿಗೆ ಅಂದಾಜು 60 ಟನ್ ಮಾಲು ಎಂದು ಹಿಡಿಯಿರಿ. ಅಮೆರಿಕದ ಸ್ಪೇಸ್ ಶಟಲ್ ನೆಲ ಬಿಡುವಾಗ 2,000 ಟನ್ನಿಗೂ ಮೇಲಿರುತ್ತಿತ್ತು, ಅಂದರೆ 34 ಡಬ್ಬಿ. ರೆಕ್ಕೆ ಚಾಚಿ ರನ್‌ವೇಗೆ ಇಳಿಯುತ್ತಿದ್ದುದು ಸುಮಾರು 100 ಟನ್. ಎರಡು ಡಬ್ಬಿಯೂ ತುಂಬದು.

ಮೊದಲ ನಕ್ಷೆಗಳಲ್ಲಿ ಹೀಗಿರಲಿಲ್ಲ. 1970ರ ಸುಮಾರಿಗೆ ಎಂಜಿನಿಯರುಗಳು ಬರೆದದ್ದು ಒಂದು ವಿಮಾನದ ಬೆನ್ನೇರಿದ ಇನ್ನೊಂದು ವಿಮಾನ. ಎರಡಕ್ಕೂ ಪೈಲಟ್‌ಗಳು, ಎರಡೂ ಮನೆಗೆ ವಾಪಸ್. ದುಡ್ಡು ಸಾಲಲಿಲ್ಲ. 1972ರ ಹೊತ್ತಿಗೆ ಉಳಿದದ್ದು ಅರೆ ಮರುಬಳಕೆ: ಬೂಸ್ಟರುಗಳನ್ನು ಸಮುದ್ರದಿಂದ ಎತ್ತಿ ತರುವುದು, 47 ಮೀಟರ್ ಉದ್ದದ ಇಂಧನ ಟ್ಯಾಂಕನ್ನು ಪ್ರತಿ ಸಲವೂ ಬಿಸಾಡುವುದು. ಆ ಟ್ಯಾಂಕಿನ 730 ಟನ್ ಎಂಟೂವರೆ ನಿಮಿಷದಲ್ಲಿ ಖಾಲಿ. ಮುಕ್ಕಾಲು ನಿಮಿಷವೂ ಆಗುವುದರೊಳಗೆ ಒಂದು ಡಬ್ಬಿ ಮಾಯ!

ನನಗೆ ಇದಕ್ಕಿಂತ ಸೋಜಿಗ ಶಟಲ್‌ನ ಹೊಟ್ಟೆಗೆ ಹಾಸಿದ ಬಿಲ್ಲೆಗಳು. 1981ರ ಏಪ್ರಿಲ್ 12ರಂದು ಇಬ್ಬರನ್ನು ಕೂರಿಸಿಕೊಂಡು ಹಾರಿದ ಮೊದಲ ಶಟಲ್ ಕೊಲಂಬಿಯಾಕ್ಕೆ 30,000ಕ್ಕೂ ಹೆಚ್ಚು ಬಿಲ್ಲೆ. ಒಂದೊಂದಕ್ಕೂ ತನ್ನದೇ ನಂಬರು, ತನ್ನದೇ ಜಾಗ. ಆರಿಂಚು ಚದರದ, ಎರಡಿಂಚು ದಪ್ಪದ ಸಿಲಿಕಾ ಬಿಲ್ಲೆ ಸುಮಾರು 160 ಗ್ರಾಂ. ಅದೇ ಅಳತೆಗೆ ಶಹಾಬಾದಿನ ಪರ್ಸಿ ಕಲ್ಲು ಕತ್ತರಿಸಿದರೆ ಹತ್ತಿರಹತ್ತಿರ ಮೂರು ಕಿಲೊ. ನಮ್ಮ ಕಲ್ಲು 900 ಡಿಗ್ರಿಗೆ ಸುಟ್ಟು ಸುಣ್ಣವಾಗುತ್ತದೆ. ಆ ಬಿಲ್ಲೆ 1,260 ಡಿಗ್ರಿ ತಾಳಿ ಮತ್ತೆ ಹಾರಲು ಸಿದ್ಧ. ಅದರ ಹಿಂದಿರುವ ಅಲ್ಯೂಮಿನಿಯಂ ಮೈ ಮಾತ್ರ 177 ದಾಟಕೂಡದು. ಗುಟ್ಟೇನು? ಬಿಲ್ಲೆಯ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ.

ನಮ್ಮ ಇಸ್ರೋ ಈ ದಾರಿಯಲ್ಲಿ ಪುಟ್ಟ ಹೆಜ್ಜೆ ಇಟ್ಟಿದೆ. 2016ರ ಮೇ 23ರಂದು ಶ್ರೀಹರಿಕೋಟದಿಂದ ಎದ್ದ ರೆಕ್ಕೆಯ ವಾಹನ 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ಇಳಿದು ಬಂಗಾಳ ಕೊಲ್ಲಿ ಸೇರಿತು. ರನ್‌ವೇ ಮುಟ್ಟುವ ಪಾಠ ನಡೆದದ್ದು ಕರ್ನಾಟಕದಲ್ಲೇ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಮೇಲಿಂದ ಕೈಬಿಟ್ಟ 'ಪುಷ್ಪಕ್' 2024ರ ಜೂನ್ 23ರಂದು ಗಂಟೆಗೆ 320 ಕಿ.ಮೀ.ಗೂ ಮಿಕ್ಕ ವೇಗದಲ್ಲಿ ತಾನೇ ಇಳಿಯಿತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಆಸುಪಾಸಿನಲ್ಲಿ.

ಪುಷ್ಪಕ್‌ನ ಒಳಗೆ ಮನುಷ್ಯರಿಲ್ಲ, ಜಾಗವೂ ಇಲ್ಲ. 2016ರಲ್ಲಿ ಹಾರಿದ ವಾಹನದ ತೂಕ 1.75 ಟನ್: ಹದಿನೈದಡಿಗೆ ಹದಿನೈದಡಿಯ ಪಡಸಾಲೆಗೆ ಒಂದೂಕಾಲು ಇಂಚಿನ ಪರ್ಸಿ ಹಾಸಿದರೆ ಅಷ್ಟೇ ಭಾರ.