ಪ್ಯಾರಾಮೆಡಿಕ್ ಪದವಿಗೆ ಅರ್ಜಿ ಹಾಕುವ ಮುನ್ನ ಪಾಲಕರು ತಿಳಿಯಬೇಕಾದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ, ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಿಗೆ ಏಜೆಂಟರ ಫೋನ್ ಕರೆಗಳು ಶುರುವಾಗುತ್ತವೆ. ‘ಪ್ಯಾರಾಮೆಡಿಕಲ್ ಸೀಟು ಇದೆ, ನೀಟ್ ಬೇಡ, ಇವತ್ತೇ ಮುಂಗಡ ಕಟ್ಟಿ’ ಎಂಬುದು ಸಾಮಾನ್ಯವಾದ ಮಾತು. ಎಂಬಿಬಿಎಸ್ ಸಿಗದಿದ್ದರೂ ಮಗುವಿನ ಒಂದು ವರ್ಷ ಹಾಳಾಗಬಾರದೆಂಬ ಆತಂಕದಲ್ಲಿ ಅನೇಕ ಪಾಲಕರು ಹಣ ಕಟ್ಟಿಬಿಡುತ್ತಾರೆ. ಅಂಗಡಿಗೆ ಹತ್ತು ಮೂಟೆ ಬೇಳೆ ತರಿಸುವಾಗ ಮಾದರಿ ನೋಡಿ, ದರ ವಿಚಾರಿಸಿ, ಬಿಲ್ಲು ಪಡೆಯುವ ಮನೆತನಗಳೂ ಮಕ್ಕಳ ನಾಲ್ಕು ವರ್ಷದ ಓದಿನ ವಿಷಯದಲ್ಲಿ ಹೀಗೆ ಅವಸರ ಮಾಡುವುದುಂಟು. ಅರ್ಜಿ ಹಾಕುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಒಂದೇ ಹೆಸರು, ಹಲವು ಕೆಲಸ

ಬ್ರಿಟನ್ನಿನಂಥ ದೇಶಗಳಲ್ಲಿ ಪ್ಯಾರಾಮೆಡಿಕ್ ಎಂದರೆ ಆಂಬುಲೆನ್ಸಿನಲ್ಲಿ ಬಂದು ತುರ್ತು ಚಿಕಿತ್ಸೆ ಕೊಡುವವರು ಮಾತ್ರ. ಅಲ್ಲಿ ನೋಂದಣಿ ಇಲ್ಲದವರು ಆ ಹೆಸರನ್ನು ಬಳಸುವಂತಿಲ್ಲ. ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಎಂಬ ಪದಕ್ಕೆ ಅಷ್ಟು ಕಟ್ಟುನಿಟ್ಟಾದ ಅರ್ಥ ಬಳಕೆಯಲ್ಲಿಲ್ಲ. ರಕ್ತ ಪರೀಕ್ಷೆ ಮಾಡುವವರು, ಎಕ್ಸ್‌ರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವರು, ಆಪರೇಷನ್ ಥಿಯೇಟರ್ ಸಹಾಯಕರು, ಎಲ್ಲರನ್ನೂ ಜನ ಇದೇ ಹೆಸರಿನಿಂದ ಕರೆಯುತ್ತಾರೆ. ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ವಿಭಾಗದ ಕೆಲಸಕ್ಕೆ ಬೇಕಾದ ಓದು ಇವುಗಳಲ್ಲಿ ಒಂದು ಮಾತ್ರ. ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿ, ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಮುಂತಾದ ಹೆಸರಿನಲ್ಲಿ ಈ ಕೋರ್ಸ್ ಇರುತ್ತದೆ. ‘ಪ್ಯಾರಾಮೆಡಿಕಲ್ ಸೀಟು’ ಎಂದು ಯಾರಾದರೂ ಹೇಳಿದರೆ ಕೋರ್ಸಿನ ಪೂರ್ಣ ಹೆಸರನ್ನು ಕೇಳಿ ಬರೆದುಕೊಳ್ಳಬೇಕು.

ಮೂರು ದಾರಿಗಳು

ಮೊದಲನೆಯದು ಪದವಿ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜುಗಳು ಬಿ.ಎಸ್ಸಿ. ಅಲೈಡ್ ಹೆಲ್ತ್ ಸೈನ್ಸಸ್ ಗುಂಪಿನಲ್ಲಿ ಇಂಥ ಕೋರ್ಸುಗಳನ್ನು ನಡೆಸುತ್ತವೆ. ಸಾಮಾನ್ಯವಾಗಿ ಮೂರು ವರ್ಷ ಓದು, ನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಇರುತ್ತವೆ. ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್‌ಇ ಮುಂತಾದ ಡೀಮ್ಡ್ ವಿಶ್ವವಿದ್ಯಾಲಯಗಳು ಅಲೈಡ್ ಹೆಲ್ತ್ ಕೋರ್ಸುಗಳಿಗೆ ತಮ್ಮದೇ ಪ್ರವೇಶ ಪ್ರಕ್ರಿಯೆ ನಡೆಸುತ್ತವೆ. ಅಲ್ಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಎರಡನೆಯದು ಡಿಪ್ಲೊಮಾ. ಇದನ್ನು ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿ ನೋಡಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಆದವರೂ ಸೇರಬಹುದು. ಪಿಯುಸಿ ವಿಜ್ಞಾನ ಆದವರಿಗೆ ಅವಧಿ ಕಡಿಮೆ. ಮುಂದೆ ಪದವಿ ಮಾಡುವ ಮನಸ್ಸಿದ್ದರೆ ಒಂದು ಮಾತು ನೆನಪಿರಲಿ: ಡಿಪ್ಲೊಮಾದಿಂದ ನೇರವಾಗಿ ಪದವಿಯ ಎರಡನೇ ವರ್ಷಕ್ಕೆ ಸೇರುವ ಅವಕಾಶ ಡಿಪ್ಲೊಮಾದಲ್ಲಿ ಓದಿದ ಅದೇ ವಿಷಯಕ್ಕೆ ಸೀಮಿತ. ಲ್ಯಾಬ್ ಡಿಪ್ಲೊಮಾ ಮಾಡಿದವರು ತುರ್ತು ಚಿಕಿತ್ಸೆಯ ಪದವಿಗೆ ಹಾಗೆ ದಾಟಲಾಗುವುದಿಲ್ಲ.

ಮೂರನೆಯದು ಆಂಬುಲೆನ್ಸ್ ಸೇವೆ ನಡೆಸುವ ಸಂಸ್ಥೆಗಳು ಕೊಡುವ ಅಲ್ಪಾವಧಿ ತರಬೇತಿ. ಕರ್ನಾಟಕದಲ್ಲಿ 108 ಆರೋಗ್ಯ ಕವಚ 2008ರ ನವೆಂಬರ್ 1ರಂದು ಆರಂಭವಾಯಿತು. ಆ ವಾಹನದಲ್ಲಿ ಪೈಲಟ್ ಎಂದು ಕರೆಯುವ ಚಾಲಕರ ಜೊತೆ ತುರ್ತು ಚಿಕಿತ್ಸಾ ತಂತ್ರಜ್ಞರೊಬ್ಬರು ಇರುತ್ತಾರೆ. ನರ್ಸಿಂಗ್ ಅಥವಾ ಇತರ ಕೋರ್ಸ್ ಮುಗಿಸಿದವರೂ ಇಂಥ ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ. ತರಬೇತಿಯಿಂದ ಕೆಲಸ ಸಿಗಬಹುದು, ಆದರೆ ಅದು ಪದವಿಯಲ್ಲ.

ಹತ್ತನೇ ತರಗತಿಯಲ್ಲೇ ತೀರ್ಮಾನ

ಪದವಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ವ್ಯಾಪಾರದ ಮನೆತನಗಳಲ್ಲಿ ಮಕ್ಕಳು ಕಾಮರ್ಸ್ ತೆಗೆದುಕೊಳ್ಳುವುದು ರೂಢಿ. ಎರಡು ವರ್ಷ ಕಳೆದ ಮೇಲೆ ಮಗಳಿಗೆ ಆಸ್ಪತ್ರೆಯ ಕೆಲಸದಲ್ಲಿ ಆಸಕ್ತಿ ಇದೆ ಎಂದು ಗೊತ್ತಾದರೆ ಈ ಪದವಿಯ ಬಾಗಿಲು ಮುಚ್ಚಿರುತ್ತದೆ. ಹೀಗಾಗಿ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಮಕ್ಕಳ ಮನಸ್ಸನ್ನು ಕೇಳಿಕೊಳ್ಳುವುದು ಒಳ್ಳೆಯದು.

ರಾಜ್ಯದ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆನ್‌ಲೈನ್ ಅರ್ಜಿ ಪಡೆದು ಹಂಚುತ್ತದೆ. ಬಿ.ಎಸ್ಸಿ. ಅಲೈಡ್ ಹೆಲ್ತ್ ಆಯ್ಕೆ ಪಿಯುಸಿಯ ಈ ಮೂರು ವಿಷಯಗಳ ಅಂಕದ ಮೇಲೆ ನಡೆದುಬಂದಿದೆ. ನೀಟ್ ಒಂದನ್ನೇ ನಂಬಿ ಪಿಯುಸಿ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡ ವಿದ್ಯಾರ್ಥಿ ಇಲ್ಲಿ ಹಿಂದೆ ಬೀಳುತ್ತಾನೆ. ನಿಯಮ ಮತ್ತು ದಿನಾಂಕಗಳಿಗೆ ಆಯಾ ವರ್ಷದ ಕೆಇಎ ಪ್ರಕಟಣೆಯೇ ಆಧಾರ. ನೀಟ್ ಫಲಿತಾಂಶಕ್ಕೆ ಕಾಯುತ್ತಾ ಕುಳಿತು ಈ ಅರ್ಜಿಯ ಕೊನೆಯ ದಿನ ತಪ್ಪಿಸಿಕೊಳ್ಳಬಾರದು.

ದಾಖಲೆಗಳು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ಬಿಇಒ ಮೇಲುರುಜು ಹಾಕಿದ ವ್ಯಾಸಂಗ ಪ್ರಮಾಣಪತ್ರ, ಅನ್ವಯವಾದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರ ಬೇಕು. ಜತ್ತ, ಅಕ್ಕಲಕೋಟ, ಗಡಹಿಂಗ್ಲಜ, ಕಾಸರಗೋಡು ಭಾಗದ ಕನ್ನಡಿಗ ಕುಟುಂಬಗಳು ಕೆಇಎ ನಿಯಮಗಳಲ್ಲಿರುವ ಗಡಿನಾಡು ಕನ್ನಡಿಗರ ಅವಕಾಶವನ್ನು ಓದಿಕೊಳ್ಳಬೇಕು.

ದಿಗಂಬರ ಜೈನರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 3ಬಿಯಲ್ಲಿದ್ದಾರೆ. ಆದಾಯ ಮಿತಿಯೊಳಗಿರುವವರು ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು ಅರ್ಜಿಯಲ್ಲಿ ನಮೂದಿಸಬೇಕು. 2014ರ ಜನವರಿಯಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶಿಕ್ಷಣ ಸಾಲಕ್ಕೆ ಸಮುದಾಯದವರೂ ಅರ್ಜಿ ಹಾಕಬಹುದು. ಸೇರುವ ಕೋರ್ಸ್ ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ನಿಗಮದ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಕೆಲವರ ಶಾಲಾ ದಾಖಲೆಯಲ್ಲಿ ಧರ್ಮದ ಕಾಲಂನಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಇರುತ್ತದೆ. ಕೌನ್ಸೆಲಿಂಗ್ ಬಂದಾಗ ಓಡಾಡುವುದಕ್ಕಿಂತ ಪಿಯುಸಿ ಮೊದಲ ವರ್ಷದಲ್ಲೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು.

ಹಣ ಕಟ್ಟುವ ಮುನ್ನ

ಕೇಂದ್ರ ಸರ್ಕಾರ 2021ರಲ್ಲಿ ಅಲೈಡ್ ಹೆಲ್ತ್ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ತುರ್ತು ಚಿಕಿತ್ಸಾ ತಂತ್ರಜ್ಞರ ವೃತ್ತಿಯೂ ಅದರ ಪಟ್ಟಿಯಲ್ಲಿದೆ. ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆಗಳ ಓದು ಬೇಕು, ಅದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರು ತಿಂಗಳಲ್ಲಿ ‘ಪ್ಯಾರಾಮೆಡಿಕಲ್ ಡಿಪ್ಲೊಮಾ’ ಕೊಡುತ್ತೇವೆ ಎನ್ನುವ ಸಂಸ್ಥೆ ಈ ಅಳತೆಗೆ ನಿಲ್ಲುವುದಿಲ್ಲ. ಈ ವೃತ್ತಿಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳನ್ನು ನಿಲ್ಲಿಸುವಂತೆ ಯುಜಿಸಿ 2025ರಲ್ಲಿ ಸೂಚಿಸಿದೆ.

ಹಾಗಾಗಿ ನಾಲ್ಕು ಪ್ರಶ್ನೆ ಕೇಳಬೇಕು. ಕಾಲೇಜು ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿಗೆ ಸೇರಿದೆ, ಈ ವರ್ಷದ ಪಟ್ಟಿಯಲ್ಲಿ ಅದರ ಹೆಸರು ಇದೆಯೇ? ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ಮಗು ಸೇರುವ ಕೋರ್ಸಿಗೂ ಇದೆಯೇ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ತುರ್ತು ಚಿಕಿತ್ಸಾ ವಿಭಾಗ ನಿಜವಾಗಿಯೂ ನಡೆಯುತ್ತಿದೆಯೇ? ನಾಲ್ಕೂ ವರ್ಷದ ಒಟ್ಟು ಶುಲ್ಕ ಎಷ್ಟು? ಪಟ್ಟಿಯನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೋಡಬೇಕು, ಏಜೆಂಟರ ಮೊಬೈಲಿನಲ್ಲಲ್ಲ. ಒಮ್ಮೆ ಆಸ್ಪತ್ರೆಗೆ ಹೋಗಿ ಅರ್ಧ ದಿನ ಕುಳಿತು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಹಣವನ್ನು ಕಾಲೇಜಿನ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ವಾಪಸು ತರಬೇಕು.

ಕೆಲಸದ ಸ್ವರೂಪ

ಈ ವೃತ್ತಿಯಲ್ಲಿ ರಾತ್ರಿ ಪಾಳಿ ತಪ್ಪುವುದಿಲ್ಲ. ರಸ್ತೆ ಅಪಘಾತ, ಹೃದಯಾಘಾತ, ಹಾವು ಕಡಿತ, ಹೆರಿಗೆ, ಯಾವುದಕ್ಕೂ ಹೊತ್ತು ಗೊತ್ತು ಇಲ್ಲ. ರಕ್ತ ನೋಡಬೇಕು, ಸಾವನ್ನೂ ನೋಡಬೇಕು. ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಯ ಮಕ್ಕಳು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಪಾಳಿಗೆ ಹೋಗಬಹುದು. ಆದರೆ ರಾತ್ರಿಯಿಡೀ ನಿಂತು ದುಡಿಯುವಾಗ ಹಸಿವು, ಬಾಯಾರಿಕೆ ಸಣ್ಣ ಮಾತಲ್ಲ. ನಿಯಮ ಎಷ್ಟು, ಹೇಗೆ ಎಂಬುದನ್ನು ಸೇರುವ ಮೊದಲೇ ಮನೆಯ ಹಿರಿಯರೊಡನೆ ಕುಳಿತು ಮಾತಾಡಿಕೊಳ್ಳಬೇಕು. ಹಾಸ್ಟೆಲಿನ ಅಡುಗೆಯನ್ನೂ ವಿಚಾರಿಸಬೇಕು. ಹೆಣ್ಣುಮಕ್ಕಳನ್ನು ಕಳಿಸುವವರು ಪಾಳಿ ಮುಗಿದ ಮೇಲೆ ಹಾಸ್ಟೆಲಿಗೆ ವಾಹನ ವ್ಯವಸ್ಥೆ ಇದೆಯೇ ಎಂದು ಕೇಳಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಮಗುವಿಗೆ ಮನಸ್ಸಿದ್ದರೆ ಹಿಂಜರಿಯಬೇಕಾಗಿಲ್ಲ. ಜೈನ ಪರಂಪರೆ ಹೇಳುವ ನಾಲ್ಕು ದಾನಗಳಲ್ಲಿ ಔಷಧದಾನವೂ ಅಭಯದಾನವೂ ಇವೆ. ಹಣ ಕೂಡಿಸಿ ಊರಿಗೆ ಆಂಬುಲೆನ್ಸ್ ಕೊಡಿಸುವ ಸಂಘಗಳು ಸಮಾಜದಲ್ಲಿವೆ. ಆ ವಾಹನದೊಳಗೆ ರೋಗಿಯ ಪಕ್ಕ ಕುಳಿತು, ಆಸ್ಪತ್ರೆ ತಲುಪುವವರೆಗೆ ಉಸಿರು ನಿಲ್ಲದಂತೆ ನೋಡಿಕೊಳ್ಳಬಲ್ಲವರೂ ಬೇಕು. ಆ ಕೈಗಳು ಸರಿಯಾದ ಕಾಲೇಜಿನಲ್ಲಿ ಕಲಿತ ಕೈಗಳಾಗಿರಬೇಕು.