ಅಂತರರಾಷ್ಟ್ರೀಯ ಸಂಬಂಧಗಳ ವ್ಯಾಸಂಗ

ಮೂಡಿಗೆರೆಯ ಕಡೆಯ ತೋಟದ ಮನೆಯೊಂದರಲ್ಲಿ ಪದವಿ ಮುಗಿಸಿದ ಮಗಳು, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುತ್ತೇನೆಂದರೆ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ. ಅದನ್ನು ಓದಿ ಏನಾಗುತ್ತೀಯೆ? ದೇಶದೇಶಗಳ ವ್ಯವಹಾರ ಕಟ್ಟಿಕೊಂಡು ನಮಗೇನಾಗಬೇಕು? ಮೊದಲನೆಯದು ನ್ಯಾಯವಾದ ಪ್ರಶ್ನೆಯೇ. ಎರಡನೆಯದನ್ನು ಮಾತ್ರ ಕಾಫಿ ಬೆಳೆಯುವವರು ಕೇಳಬಾರದು.

ಈ ಶಾಸ್ತ್ರಕ್ಕೆ ಹೆಚ್ಚು ವಯಸ್ಸಾಗಿಲ್ಲ. ಮೊದಲನೆಯ ಮಹಾಯುದ್ಧ ಮುಗಿದಮೇಲೆ, 1919ರಲ್ಲಿ, ವೇಲ್ಸ್ ಪ್ರಾಂತದ ಆಬರಿಸ್ಟ್‌ವಿತ್ ಎಂಬ ಊರಿನ ಕಾಲೇಜಿನಲ್ಲಿ ಇದಕ್ಕೆಂದೇ ಮೊದಲ ಪೀಠ ಏರ್ಪಟ್ಟಿತು. ನಮ್ಮಲ್ಲಿ 1955ರಲ್ಲಿ ದೆಹಲಿಯಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆರಂಭವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ರಾಷ್ಟ್ರಗಳು ಏಕೆ ಕಾದಾಡುತ್ತವೆ, ಏಕೆ ಒಪ್ಪಂದಕ್ಕೆ ಬರುತ್ತವೆ, ಒಪ್ಪಿದ ಮಾತನ್ನು ಯಾವಾಗ ಮುರಿಯುತ್ತವೆ ಎಂಬುದೇ ಇಲ್ಲಿನ ವಿಚಾರ. ಶಕ್ತಿಯೇ ಎಲ್ಲವನ್ನೂ ನಿರ್ಣಯಿಸುತ್ತದೆ ಎನ್ನುವವರು ಒಂದು ಪಕ್ಷ. ವ್ಯಾಪಾರಕ್ಕೂ ಸಂಸ್ಥೆಗಳಿಗೂ ತಮ್ಮದೇ ಬಲವುಂಟು ಎನ್ನುವವರು ಇನ್ನೊಂದು ಪಕ್ಷ.

ಈ ವಾದವನ್ನು ನಮ್ಮ ಕಾಫಿಯ ಮೇಲೆಯೇ ಪರೀಕ್ಷಿಸಿ ನೋಡಬಹುದು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಳೆಯುವ ದೇಶಗಳು ಇಂತಿಷ್ಟೇ ಕಾಫಿ ರಫ್ತು ಮಾಡಬೇಕೆಂದು ಕೋಟಾ ಗೊತ್ತುಮಾಡಿ, ಬೆಲೆ ಕುಸಿಯದಂತೆ ತಡೆಯುವುದು ಅದರ ಉದ್ದೇಶ. ಬೆಳೆಯುವ ದೇಶಗಳು ಒಪ್ಪಿದ್ದು ಸಹಜ. ಆದರೆ ಕೊಳ್ಳುವವರಲ್ಲಿ ಎಲ್ಲರಿಗಿಂತ ದೊಡ್ಡದಾದ ಅಮೆರಿಕ, ತಾನೇ ಹೆಚ್ಚು ಹಣ ತೆರಬೇಕಾದ ಒಪ್ಪಂದಕ್ಕೆ ಏಕೆ ಸೇರಿತು? 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿತ್ತು. ಕಾಫಿಯ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ಬೇರೆ ದೇಶಗಳೂ ಅದೇ ಹಾದಿ ಹಿಡಿದಾವೆಂಬ ಅಂಜಿಕೆ ಅಮೆರಿಕಕ್ಕಿತ್ತು. ಶೀತಲ ಸಮರ ತಣ್ಣಗಾಗುತ್ತ ಬಂದಂತೆ ಆ ಅಂಜಿಕೆಯೂ ಕರಗಿತು. ಕೋಟಾ ಹಂಚಿಕೆಯಲ್ಲಿ ಬೆಳೆಯುವವರಲ್ಲೇ ಜಗಳ ಬೆಳೆಯಿತು. 1989ರ ಜುಲೈನಲ್ಲಿ ಕೋಟಾ ಪದ್ಧತಿ ನಿಂತುಹೋಯಿತು, ಪ್ರಪಂಚದ ಬೆಲೆ ಕುಸಿಯಿತು. ರೂಪಾಯಿಯ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೂ 1991ರಲ್ಲಿ ಒಡೆಯಿತು. ಕಾಫಿ ಮಂಡಳಿಯ ಪೂಲಿಗೆ ಬೆಳೆಯೊಪ್ಪಿಸಿ ಕಂತುಕಂತಾಗಿ ಹಣ ಪಡೆಯುವ ಕ್ರಮವೂ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ತೋಟದಲ್ಲಿ ದುಡಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಕಳಸದವರಿಗೆ ಇನ್ನೂ ಹತ್ತಿರದ ಪಾಠ ಕುದುರೆಮುಖದಲ್ಲಿದೆ. 1975ರಲ್ಲಿ ಇರಾನಿನ ಷಾ ಸರ್ಕಾರ ಅಲ್ಲಿಯ ಅದಿರಿಗಾಗಿ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಮರುವರ್ಷ ಕಂಪೆನಿ ಸ್ಥಾಪನೆಯಾಯಿತು. ಗುಡ್ಡ ಅಗೆದು, ಸಂಸ್ಕರಿಸಿದ ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಲು ಕೊಳವೆ ಹಾಕಿದರು. ಅಷ್ಟರಲ್ಲಿ 1979ರಲ್ಲಿ ಷಾ ಪದಚ್ಯುತನಾದ. ಸಾಲದ ಹಣ ಪೂರ್ತಿ ಬರುವ ಮೊದಲೇ ನಿಂತಿತು. ಗೊತ್ತಾಗಿದ್ದ ಗಿರಾಕಿಯೂ ಹೋಯಿತು. ಗಣಿ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ, ಕಾಡಿನ ರಕ್ಷಣೆಗಾಗಿ, 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ತೆಹರಾನಿನ ಬೀದಿಯ ಗದ್ದಲಕ್ಕೂ ಭದ್ರೆಯ ಮೂಲದ ಒಂದು ಗುಡ್ಡಕ್ಕೂ ಇದ್ದ ಈ ನಂಟನ್ನು ಬಿಡಿಸಿ ಬರೆದರೆ, ಎಂ.ಎ. ಪದವಿಗೆ ಒಳ್ಳೆಯ ಪ್ರಬಂಧವಾದೀತು.

ಪ್ರಬಂಧದ ಮಾತು ಬೇಕೆಂದೇ ಎತ್ತಿದೆ. ಈ ವ್ಯಾಸಂಗದ ಫಲ ಬಹುಮಟ್ಟಿಗೆ ಅದರಲ್ಲಿದೆ. ಅನೇಕ ವಿದ್ಯಾರ್ಥಿಗಳು ಪತ್ರಿಕೆಯ ತಲೆಬರಹ ನೋಡಿ ಅಮೆರಿಕ-ಚೀನಾ ಪೈಪೋಟಿಯನ್ನೇ ವಿಷಯವಾಗಿ ಆರಿಸುತ್ತಾರೆ. ಸಾವಿರ ಮಂದಿ ಬರೆದದ್ದಕ್ಕೆ ಸಾವಿರದ ಒಂದನೆಯದು ಸೇರುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ, 2020ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಕೊಡಬೇಕು. ನಿಯಮದ ಜಾರಿಯನ್ನು ಮತ್ತೆ ಮತ್ತೆ ಮುಂದೂಡಿದ್ದಾರೆ. ಮರದ ನೆರಳಿನ ಎರಡೆಕರೆ ತೋಟದವನು ಇದನ್ನು ಹೇಗೆ ಪೂರೈಸಬೇಕೆಂದು ಕಂಡು ಬರೆಯಲು ಬ್ರಸೆಲ್ಸಿನ ವಿದ್ಯಾರ್ಥಿಗಿಂತ ಕೊಪ್ಪದ ವಿದ್ಯಾರ್ಥಿಗೆ ಹೆಚ್ಚು ಅನುಕೂಲವಿದೆ.

ಕಷ್ಟವೂ ಇದೆ. ಓದಬೇಕಾದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಆರು ತಿಂಗಳು ಬಸವಳಿಯುತ್ತಾರೆ. ಅದು ದಡ್ಡತನವಲ್ಲ, ದಾರಿಯ ಏರು. ಜೊತೆಗೆ ಪಾರಸಿಯನ್ನೋ ಪೋರ್ಚುಗೀಸನ್ನೋ ಕಲಿತರೆ ಇರಾನಿನ, ಬ್ರೆಜಿಲಿನ ಮಾತನ್ನು ಅವರ ಬಾಯಿಂದಲೇ ಕೇಳಬಹುದು.

ಇನ್ನು ಹಿರಿಯರ ಮೊದಲ ಪ್ರಶ್ನೆ. ಈ ಪದವಿ ಪಡೆದವರೆಲ್ಲ ರಾಯಭಾರಿಗಳಾಗುವುದಿಲ್ಲ. ವಿದೇಶಾಂಗ ಸೇವೆಗೆ ದಾರಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ. ಅದಕ್ಕೆ ಯಾವ ಪದವಿಯಾದರೂ ಸಾಕು, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರಾಜ್ಯಶಾಸ್ತ್ರದೊಡನೆ ಈ ವಿಷಯವೂ ಅಲ್ಲಿ ಐಚ್ಛಿಕವಾಗಿದೆ ಎಂಬಷ್ಟೇ ಸಹಾಯ. ಉಳಿದಂತೆ ಅಧ್ಯಾಪನ, ಪತ್ರಿಕೋದ್ಯಮ, ಸಂಶೋಧನೆ, ರಫ್ತು ವ್ಯವಹಾರ. ಸಾಲ ಮಾಡಿ ಓದಿಸುವ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಹಗುರ, ಪ್ರವೇಶ ಪರೀಕ್ಷೆ ಬಿಗಿ. ಖಾಸಗಿಯವರಲ್ಲಿ ಲಕ್ಷದ ಲೆಕ್ಕ. ಘಟ್ಟ ಇಳಿದರೆ ಮಣಿಪಾಲದಲ್ಲೇ ಈ ವಿಷಯದ ವಿಭಾಗವುಂಟು; ಊರಿಗೆ ಹತ್ತಿರವೆಂಬುದು ಅದರ ಒಂದು ಅನುಕೂಲ.

ಹೊರಡುವ ಮುಂಚೆ ಒಂದು ಕೆಲಸ ಮಾಡಬಹುದು. ಅಟ್ಟದ ಮೇಲೆ ಅಜ್ಜ ಕಟ್ಟಿಟ್ಟ ಕಾಫಿ ಮಂಡಳಿಯ ಹಳೆಯ ರಸೀದಿಗಳಿದ್ದರೆ ಒಲೆಗೆ ಹಾಕಬೇಡಿ. ಧೂಳು ಕೊಡವಿ, ವರ್ಷವಾರು ಜೋಡಿಸಿಡಿ. 1989ರ ಹಿಂದುಮುಂದಿನವು ಸಿಕ್ಕರೆ ಅವನ್ನು ಮಗಳ ಪೆಟ್ಟಿಗೆಯಲ್ಲೇ ಇಡಿ.